ತುಟಿ ನಡುಗದೆ ನಾದವಿಲ್ಲ

ಕಹಳೆ, ಬ್ಯೂಗಲ್, ಟ್ರಂಪೆಟ್ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ನಾನು ಸೈನ್ಯದ ಬ್ಯಾಂಡಿನಲ್ಲಿ 22 ವರ್ಷ ಟ್ರಂಪೆಟ್ ಊದಿದವನು. ಈಗ ತುಮಕೂರಿನಲ್ಲಿ ಮನೆ. ಸಂಜೆ ಹೊತ್ತು ಏಳೆಂಟು ಮಕ್ಕಳಿಗೆ ಹೇಳಿಕೊಡುತ್ತೇನೆ. ಕೆಲವರು ಹಕ್ಕಿ, ಆನೆ, ಹೂವಿನ ಬಗ್ಗೆಯೂ ಕೇಳಿದ್ದೀರಿ. ಬಹಳ ಸಂತೋಷ ಆಯಿತು. ಹಕ್ಕಿ, ಆನೆಗಳ ಕೂಗನ್ನು ಕೇಳುತ್ತಲೇ ನಾನೂ ಎಷ್ಟೋ ಕಲಿತಿದ್ದೇನೆ.

ನನ್ನ ಮಗ ಎಂಟನೇ ಕ್ಲಾಸು. ಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಕೊಟ್ಟಿದ್ದಾರೆ. ಎಷ್ಟು ಊದಿದರೂ ಬರೀ ಗಾಳಿ ಬರುತ್ತದೆ. ಕೆನ್ನೆ ನೋವು ಅಂತಾನೆ. ಎದೆಗೆ ಏನಾದರೂ ತೊಂದರೆ ಆಗುತ್ತದಾ?
– ಒಬ್ಬ ತಾಯಿ, ತಿಪಟೂರು

ಹೆದರಬೇಡಿ ಅಮ್ಮ. ಅವನು ಕೊಳಲು ಊದಿದ ಹಾಗೆ ಊದುತ್ತಿದ್ದಾನೆ, ಅಷ್ಟೇ. ಟ್ರಂಪೆಟ್ಟಿನಲ್ಲಿ ಸದ್ದು ಹುಟ್ಟುವುದು ತುಟಿಯಲ್ಲಿ. ಹಿತ್ತಾಳೆ ಕೊಳವೆ ಆ ಸದ್ದನ್ನು ದೊಡ್ಡದು ಮಾಡಿ ಹೊರಗೆ ಬಿಡುತ್ತದೆ. ಚಿಕ್ಕ ಮಕ್ಕಳು ಬಸ್ ಆಟ ಆಡುವಾಗ ತುಟಿಯಲ್ಲಿ 'ಬುರ್‌ರ್' ಅನ್ನುತ್ತಾರಲ್ಲ, ಅದನ್ನೇ ತುಟಿ ಬಿಗಿಹಿಡಿದು ಮಾಡಬೇಕು. ಅದೇ ಮೊದಲ ಪಾಠ.

ನನ್ನ ಉಸ್ತಾದರು ಮೊದಲ ಮೂರು ವಾರ ನನಗೆ ಟ್ರಂಪೆಟ್ ಮುಟ್ಟಲು ಬಿಡಲಿಲ್ಲ. ಬಾಯಿಗೆ ಇಡುವ ತುದಿ, ಅಂದರೆ ಮೌತ್‌ಪೀಸ್ ಒಂದನ್ನೇ ಕೈಗೆ ಕೊಟ್ಟರು. ಬೆಳಿಗ್ಗೆಯಿಂದ ಸಂಜೆವರೆಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ಅದರಲ್ಲೇ ಊದಬೇಕು. ಆಗ ಬಹಳ ಬೇಜಾರಾಗಿತ್ತು. ನಾಲ್ಕನೇ ವಾರ ಟ್ರಂಪೆಟ್ಟಿಗೆ ಸೇರಿಸಿ ಊದಿದೆ, ಮೊದಲ ಸಲಕ್ಕೇ ತುಂಬಿದ ಸ್ವರ ಬಂತು. ಆ ದಿನ ನಾನು ಮರೆತಿಲ್ಲ.

ನಿಮ್ಮ ಮಗನಿಗೂ ಮೌತ್‌ಪೀಸ್ ಮಾತ್ರ ಮನೆಗೆ ತರಲು ಹೇಳಿ. ದಿನಕ್ಕೆ ಎರಡು ಸಲ, ಹದಿನೈದು ನಿಮಿಷ ಸಾಕು. ತುಟಿ ಸೋತ ಕೂಡಲೇ ನಿಲ್ಲಿಸಬೇಕು. ಸದ್ದು ಬರಲಿಲ್ಲ ಅಂತ ಹಲ್ಲಿಗೆ ಒತ್ತಿ ಹಿಡಿಯಬಾರದು, ತುಟಿ ಒಳಗಡೆ ಗಾಯ ಆಗುತ್ತದೆ. ಕೆನ್ನೆ ಉಬ್ಬಿಸದೆ, ಹೊಟ್ಟೆಯಿಂದ ಉಸಿರು ತೆಗೆಯಬೇಕು. ಅಮೆರಿಕದ ಡಿಜ್ಜಿ ಗಿಲೆಸ್ಪಿ ಕೆನ್ನೆಯನ್ನು ಬಲೂನಿನ ಹಾಗೆ ಉಬ್ಬಿಸಿಯೇ ಅದ್ಭುತವಾಗಿ ಊದುತ್ತಿದ್ದರು. ಅವರ ಫೋಟೋ ನೋಡಿ ಮಕ್ಕಳು ಹಾಗೇ ಮಾಡಲು ಹೋಗುತ್ತಾರೆ. ಕಲಿಯುವಾಗ ಅದು ಬೇಡ. ಗಟ್ಟಿಮುಟ್ಟಾದ ಹುಡುಗನ ಎದೆಗೆ ಇದರಿಂದ ತೊಂದರೆ ಇಲ್ಲ. ಆಸ್ತಮಾ ಇದ್ದರೆ ಮಾತ್ರ ಡಾಕ್ಟರನ್ನು ಒಂದು ಮಾತು ಕೇಳಿ.

ಊದುವಾಗ ಒಳಗಿಂದ ಹನಿ ಹನಿ ನೀರು ಬರುತ್ತದೆ. ನೋಡಿ ಅಸಹ್ಯಪಡಬೇಡಿ. ಅದರಲ್ಲಿ ಎಂಜಲಿಗಿಂತ ಉಸಿರಿನ ಹಬೆ ತಣ್ಣಗಾದ ನೀರೇ ಜಾಸ್ತಿ. ಆದರೆ ಶಾಲೆಯಲ್ಲಿ ಒಂದೇ ಮೌತ್‌ಪೀಸ್ ನಾಲ್ಕು ಮಕ್ಕಳಿಗೆ ಓಡಾಡುತ್ತಿದ್ದರೆ ಪ್ರತಿ ಸಲ ಸೋಪು ಹಾಕಿ ತೊಳೆಯಲೇಬೇಕು.

ಕಹಳೆ, ಕೊಂಬು, ಶಂಖ, ಓಲಗ, ಬ್ಯೂಗಲ್, ಟ್ರಂಪೆಟ್ ಎಲ್ಲವೂ ಒಂದೇ ಜಾತಿಯವಾ? ಮೂರೇ ಗುಂಡಿಯಲ್ಲಿ ಅಷ್ಟೊಂದು ಸ್ವರ ಹೇಗೆ ಬರುತ್ತದೆ?
– ನಿವೃತ್ತ ಹೆಡ್‌ಮಾಸ್ಟರ್, ಮಧುಗಿರಿ

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಓಲಗವನ್ನು ಈ ಗುಂಪಿನಿಂದ ಪಕ್ಕಕ್ಕಿಡಿ. ನಾಗಸ್ವರದಲ್ಲಿ ನಡುಗುವುದು ಬಾಯಿಗಿಟ್ಟ ಪೀಪಿ. ಉಳಿದ ಎಲ್ಲದರಲ್ಲೂ ತುಟಿ. ದಾಸಯ್ಯ ಮನೆ ಬಾಗಿಲಿಗೆ ಬಂದು ಊದುವ ಶಂಖ ಇದೆಯಲ್ಲ, ಅದೂ ಟ್ರಂಪೆಟ್ಟೇ. ಲೋಹದ ಬದಲು ಸಮುದ್ರದ ಚಿಪ್ಪು, ಅಷ್ಟೇ ವ್ಯತ್ಯಾಸ.

ಬ್ಯೂಗಲ್ಲಿಗೆ ಗುಂಡಿಗಳಿಲ್ಲ. ಕೊಳವೆಯ ಉದ್ದ ಬದಲಾಗದೆ ಇದ್ದಾಗ ತುಟಿ ಬಿಗಿ ಮಾಡಿದಂತೆಲ್ಲ ಸ್ವರ ಮೆಟ್ಟಿಲು ಹತ್ತುತ್ತದೆ. ಆದರೆ ಎಲ್ಲ ಮೆಟ್ಟಿಲೂ ಸಿಗುವುದಿಲ್ಲ. ಸಂಗೀತ ಗೊತ್ತಿರುವವರಿಗೆ ಹೇಳುವುದಾದರೆ: ಸ, ಪ, ಮೇಲಿನ ಸ, ಗ, ಪ. ಸೈನ್ಯದ ಬ್ಯೂಗಲ್ ಕರೆಗಳೆಲ್ಲ ಹೆಚ್ಚುಕಡಿಮೆ ಈ ಐದರಲ್ಲೇ ಮುಗಿಯುತ್ತವೆ. ಎದ್ದೇಳಿ, ಊಟಕ್ಕೆ ಬನ್ನಿ, ಮಲಗಿ, ಮುನ್ನುಗ್ಗಿ – ಎಲ್ಲಾ ಐದೇ ಸ್ವರ. ರಿಷಭ ಇಲ್ಲ, ಮಧ್ಯಮ ಇಲ್ಲ. ನನಗೆ ಇದು ಇವತ್ತಿಗೂ ಬೆರಗು.

ಉಳಿದ ಸ್ವರ ಬೇಕಾದರೆ ಕೊಳವೆಯ ಉದ್ದ ಬದಲಾಗಬೇಕು. ಜರ್ಮನ್ ನಾಡಿನ ಇಬ್ಬರು ವಾದ್ಯಗಾರರು, ಸ್ಟೋಲ್ಸೆಲ್ ಮತ್ತು ಬ್ಲೂಮೆಲ್, ಅದಕ್ಕೆ ದಾರಿ ಹುಡುಕಿದರು. 1818ರಲ್ಲಿ ಪೇಟೆಂಟ್ ಪಡೆದರು. ಗುಂಡಿ ಒತ್ತಿದರೆ ಗಾಳಿ ಒಂದು ಸುತ್ತು ಹೆಚ್ಚು ಓಡಿ ಬರುತ್ತದೆ. ಕೊಳವೆ ಉದ್ದವಾಯಿತು, ಸ್ವರ ಇಳಿಯಿತು. ನಡುವಿನ ಗುಂಡಿ ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಇವನ್ನು ಕೂಡಿಸಿ ಒತ್ತಿದರೆ ನಡುವೆ ಬಿಟ್ಟುಹೋದ ಮೆಟ್ಟಿಲೆಲ್ಲ ತುಂಬುತ್ತವೆ. ಸುರುಳಿ ಬಿಚ್ಚಿ ನೇರ ಮಾಡಿದರೆ ಸಾಮಾನ್ಯ ಟ್ರಂಪೆಟ್ 1.5 ಮೀಟರ್‌ಗೆ ಹತ್ತಿರ ಇರುತ್ತದೆ.

ತುಂಬಾ ಹಳೆಯದು ಬೇಕಾ? ಈಜಿಪ್ಟಿನ ಟುಟಾಂಖಾಮನ್ ಸಮಾಧಿಯಲ್ಲಿ ಎರಡು ಕಹಳೆ ಸಿಕ್ಕಿದವು, ಒಂದು ಬೆಳ್ಳಿಯದು. ಮೂರು ಸಾವಿರ ವರ್ಷಕ್ಕೂ ಹಳೆಯವು. 1939ರಲ್ಲಿ ಒಬ್ಬ ಸೈನಿಕ ಬ್ಯಾಂಡಿನವನು ಅವನ್ನು ಊದಿದ. ಬಿಬಿಸಿ ರೇಡಿಯೋ ಅದನ್ನು ಪ್ರಸಾರ ಮಾಡಿತು.

ಹಿಂದೆ ಕುದುರೆ ಸೈನ್ಯದಲ್ಲಿ ಕಹಳೆಗಾರನ ಕೆಲಸ ಏನಿತ್ತು? ಅವನೂ ಯುದ್ಧ ಮಾಡುತ್ತಿದ್ದನಾ?
– ಓದುಗರು, ಕುಣಿಗಲ್

ಕುದುರೆ ಫಾರಂ ಇರುವ ಊರಿನಿಂದ ಈ ಪ್ರಶ್ನೆ ಬಂದಿದ್ದು ಖುಷಿ. ಗದ್ದಲದಲ್ಲಿ ಅಧಿಕಾರಿಯ ಕೂಗು ಯಾರಿಗೂ ಕೇಳುವುದಿಲ್ಲ. ಅವನ ಮಾತನ್ನು ಸ್ವರ ಮಾಡಿ ಎಲ್ಲರಿಗೂ ಮುಟ್ಟಿಸುವವನೇ ಕಹಳೆಗಾರ. ಅಧಿಕಾರಿಯ ಪಕ್ಕ ಬಿಡದೆ ಇರಬೇಕು. ಬ್ರಿಟಿಷ್ ಕುದುರೆ ಸೈನ್ಯದಲ್ಲಿ ಅವನಿಗೆ ಬಿಳಿ ಛಾಯೆಯ ಕುದುರೆ ಕೊಡುವ ಪದ್ಧತಿ ಇತ್ತು. ಕಹಳೆಗಾರ ಎಲ್ಲಿದ್ದಾನೆ ಅಂತ ದೂರದಿಂದಲೇ ಗೊತ್ತಾಗಬೇಕಲ್ವಾ. ಶತ್ರುವಿಗೂ ಅಷ್ಟೇ ಚೆನ್ನಾಗಿ ಕಾಣುತ್ತಿದ್ದ ಅನ್ನುವುದನ್ನು ಮರೆಯಬಾರದು.

1854ರಲ್ಲಿ ಕ್ರೈಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷರ ಒಂದು ಕುದುರೆ ಪಡೆ ಫಿರಂಗಿಗಳ ಎದುರಿಗೇ ನುಗ್ಗಿ ಚೂರುಚೂರಾಯಿತು. ಅಲ್ಲಿದ್ದ ಕಹಳೆಗಾರ ಲ್ಯಾಂಡ್‌ಫ್ರೀ ಬದುಕಿ ಉಳಿದರು. 1890ರಲ್ಲಿ ಅವರು ಊದಿದ ಆ 'ನುಗ್ಗಿ' ಕರೆಯನ್ನು ಎಡಿಸನ್ ಕಂಪನಿಯವರು ಮೇಣದ ಸಿಲಿಂಡರಿನಲ್ಲಿ ಹಿಡಿದಿಟ್ಟರು. ಇವತ್ತಿಗೂ ಕೇಳಬಹುದು. ಗರಗರ ಸದ್ದಿನ ಹಿಂದೆ ಅವರ ಧ್ವನಿ, ಆಮೇಲೆ ಆ ಕರೆ. ನಾನು ಕೇಳಿದಾಗ ಮೈ ಜುಮ್ ಅಂದಿತು.

ನಮ್ಮ ಪಕ್ಕದ ಹಳ್ಳಿಯ ಯೋಧರ ಅಂತ್ಯಕ್ರಿಯೆಯಲ್ಲಿ ಒಬ್ಬರು ಬ್ಯೂಗಲ್ ಊದಿದರು. ಅಳುತ್ತಿದ್ದವರೂ ಸುಮ್ಮನಾದರು. ಅದರ ಅರ್ಥ ಏನು?
– ಕಾಲೇಜು ವಿದ್ಯಾರ್ಥಿನಿ, ಕೊರಟಗೆರೆ

ನೋಡಮ್ಮ, ಅದರ ಹೆಸರು 'ಲಾಸ್ಟ್ ಪೋಸ್ಟ್'. ಪೋಸ್ಟ್ ಅಂದರೆ ಇಲ್ಲಿ ಕಾವಲು ನಿಲ್ಲುವ ಜಾಗ. ಹಿಂದೆ ಬ್ರಿಟಿಷ್ ಸೈನ್ಯದಲ್ಲಿ ರಾತ್ರಿ ಅಧಿಕಾರಿ ಕಾವಲುಗಾರರನ್ನು ಒಬ್ಬೊಬ್ಬರಾಗಿ ನೋಡಿಕೊಂಡು ಬರುತ್ತಿದ್ದ. ಶುರುವಿಗೆ ಒಂದು ಕರೆ, ಕೊನೆಯ ಕಾವಲು ನೋಡಿದ ಮೇಲೆ ಇನ್ನೊಂದು. ಎಲ್ಲ ಸರಿಯಾಗಿದೆ, ದಿನ ಮುಗಿಯಿತು, ಮಲಗಿ ಅಂತ. ಅದೇ ಕರೆ ಆಮೇಲೆ ಯೋಧರ ಅಂತ್ಯಕ್ರಿಯೆಗೆ ಬಂತು. ನಿನ್ನ ಕಾವಲು ಮುಗಿಯಿತು, ಇನ್ನು ಮಲಗಪ್ಪ ಅಂತ ಹೇಳುವುದು. ಅದಾದ ಮೇಲೆ ಮೌನ. ಮೌನದ ನಂತರ 'ರೌಸ್' ಅನ್ನುವ ಚುರುಕಾದ ಕರೆ, ಅದು ಎದ್ದೇಳು ಅಂತ.

ಬೆಲ್ಜಿಯಂನ ಈಪ್ರ್ ಪಟ್ಟಣದಲ್ಲಿ ಮೆನಿನ್ ಗೇಟ್ ಅಂತ ಒಂದು ದೊಡ್ಡ ಕಮಾನು ಇದೆ. ಮೊದಲ ಮಹಾಯುದ್ಧದಲ್ಲಿ ಸತ್ತು, ಸಮಾಧಿ ಎಲ್ಲಿದೆ ಅಂತಲೂ ಗೊತ್ತಾಗದ 54,000ಕ್ಕೂ ಹೆಚ್ಚು ಸೈನಿಕರ ಹೆಸರು ಅದರ ಮೇಲಿವೆ. ನಮ್ಮ ಭಾರತದ ಸೈನಿಕರ ಹೆಸರುಗಳೂ ಇವೆ. ಅಲ್ಲಿ 1928ರಿಂದ ಪ್ರತಿ ಸಂಜೆ 8 ಗಂಟೆಗೆ ಲಾಸ್ಟ್ ಪೋಸ್ಟ್ ಊದುತ್ತಾರೆ. ಎರಡನೇ ಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಾಗ ಮಾತ್ರ ಅಲ್ಲಿ ನಿಂತಿತ್ತು.

ನಾನು ಎಷ್ಟು ಸಲ ಊದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ, ಇಡಬಾರದು. ಒಂದು ಸಲದ್ದು ಮಾತ್ರ ಹೇಳುತ್ತೇನೆ. ಡಿಸೆಂಬರ್ ತಿಂಗಳು. ಊರಿನ ಹೆಸರು ಬೇಡ. ಕೊಯ್ದ ರಾಗಿ ಹೊಲದಲ್ಲಿ ಚಿತೆ ಜೋಡಿಸಿದ್ದರು. ಆ ತಾಯಿ ತ್ರಿವರ್ಣ ಹೊದಿಸಿದ ಪೆಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ. ಯಾರೂ ತೆಗೆಸಲೂ ಇಲ್ಲ. ಚಳಿಗೆ ನನ್ನ ತುಟಿ ಒಡೆದಿತ್ತು. ತುಪ್ಪ ಸವರಿಕೊಂಡು ಹೋಗಿದ್ದೆ. ಊದಲು ಶುರು ಮಾಡಿದೆ. ಮೇಲಿನ ಪಂಚಮದಲ್ಲಿ ಹಿಡಿದು ನಿಲ್ಲಿಸಬೇಕು. ಅಲ್ಲಿ ಸ್ವರ ಒಂಚೂರು ಅಲುಗಿತು. ಯಾರೂ ಏನೂ ಅನ್ನಲಿಲ್ಲ. ಆ ತಾಯಿ ತಲೆ ಎತ್ತಿ ನನ್ನ ಕಡೆ ನೋಡಿದರು. ಆ ಅಲುಗಿದ ಪಂಚಮ ನನಗೆ ಇವತ್ತಿಗೂ ಕೇಳುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಈಚೆಗೆ ಒಂದು ಸ್ಮರಣೆ ಕಾರ್ಯಕ್ರಮಕ್ಕೆ ಹೋಗಿದ್ದೆ. ಲಾಸ್ಟ್ ಪೋಸ್ಟನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕಿದರು. ಮಧ್ಯದಲ್ಲಿ ಯಾರದೋ ಫೋನ್ ಬಂದು ಸಂಗೀತ ನಿಂತಿತು. ನನಗೆ ಎದ್ದು ಹೊರಗೆ ಹೋಗುವಷ್ಟು ನೋವಾಯಿತು. ನಮ್ಮ ಕಡೆ ಬ್ಯೂಗಲ್ ಊದುವವರು ಇದ್ದಾರೆ. ದಯವಿಟ್ಟು ಅವರನ್ನು ಕರೆಯಿರಿ. ಸ್ವರ ಅಲುಗಿದರೂ ಪರವಾಗಿಲ್ಲ, ಸತ್ತವರಿಗಾಗಿ ಬದುಕಿರುವ ಮನುಷ್ಯನೇ ಉಸಿರು ಕೊಡಲಿ.

ಕಗ್ಗಲಡು ಊರಿನ ಹುಣಸೆ ಮರಗಳ ಮೇಲೆ ಅಷ್ಟೊಂದು ಬಣ್ಣದ ಕೊಕ್ಕರೆ ಇವೆ. ಅವು ಯಾಕೆ ಕೂಗುವುದಿಲ್ಲ?
– ರೈತರು, ಶಿರಾ ತಾಲ್ಲೂಕು

ಬೆಳೆದ ಬಣ್ಣದ ಕೊಕ್ಕರೆಗೆ ಹೇಳಿಕೊಳ್ಳುವಂಥ ಕಂಠ ಇಲ್ಲ. ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಸದ್ದು ಮಾಡುತ್ತದೆ. ನೀವು ಕೇಳುವ ಗಲಾಟೆ ಹೆಚ್ಚಾಗಿ ಮರಿಗಳದ್ದು.

ಇದಕ್ಕೆ ತದ್ವಿರುದ್ಧ ಉತ್ತರ ಭಾರತದ ಸಾರಸ್ ಕೊಕ್ಕರೆ. ಮನುಷ್ಯನಷ್ಟು ಎತ್ತರ, ಕೂಗಿದರೆ ಬಯಲೆಲ್ಲ ಕೇಳುತ್ತದೆ. ಅದರ ಗಾಳಿಕೊಳವೆ ತುಂಬಾ ಉದ್ದ. ಎದೆಮೂಳೆಯ ಒಳಗೆ ಹೊಕ್ಕು ಸುರುಳಿ ಸುತ್ತಿಕೊಂಡಿರುತ್ತದೆ, ನಮ್ಮ ಟ್ರಂಪೆಟ್ ಮಡಿಚಿಕೊಂಡ ಹಾಗೇ. ಉತ್ತರ ಅಮೆರಿಕದಲ್ಲಿ ಒಂದು ದೊಡ್ಡ ಹಂಸಕ್ಕೂ ಹಾಗೇ ಇದೆ. ಅದಕ್ಕೆ 'ಟ್ರಂಪೆಟರ್ ಹಂಸ' ಅಂತಲೇ ಹೆಸರು.

ನಮ್ಮ ರಾಗಿ ಹೊಲಕ್ಕೆ ಆನೆಗಳು ಬರುತ್ತವೆ. ರಾತ್ರಿ ಘೀಳಿಟ್ಟರೆ ಕೋಪ ಬಂದಿದೆ ಅಂತಾನಾ?
– ರೈತರು, ಕಾಮಸಮುದ್ರ ಕಡೆ, ಬಂಗಾರಪೇಟೆ ತಾಲ್ಲೂಕು

ನಿಮ್ಮ ಕಷ್ಟ ಗೊತ್ತು ಅಣ್ಣ. ಬೆಳೆದದ್ದು ಒಂದೇ ರಾತ್ರಿಯಲ್ಲಿ ಹೋದರೆ ಹೊಟ್ಟೆ ಉರಿಯುತ್ತದೆ. ಘೀಳಿಡುವುದು ಕೋಪಕ್ಕೆ ಮಾತ್ರ ಅಂತ ಹೇಳಲಾಗದು. ಹೆದರಿದಾಗ, ಗಾಬರಿಯಾದಾಗ, ದೂರವಾದ ಜೊತೆಗಾರರು ಸಿಕ್ಕಾಗ, ಮರಿಗಳು ಆಡುವಾಗ ಕೂಡ ಘೀಳಿಡುತ್ತವೆ. ಸೊಂಡಿಲಿನಿಂದ ಗಾಳಿಯನ್ನು ಜೋರಾಗಿ ಹೊರಗೆ ತಳ್ಳುವಾಗ ಆ ಸದ್ದು.

ಅವು ಆಡುವ ಇನ್ನೊಂದು ಮಾತು ನಮಗೆ ಸರಿಯಾಗಿ ಕೇಳುವುದೇ ಇಲ್ಲ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಒಂದು ಮೃಗಾಲಯದಲ್ಲಿ ಆನೆಗಳ ಹತ್ತಿರ ನಿಂತಿದ್ದಾಗ ಗಾಳಿಯಲ್ಲಿ ಏನೋ ಅದುರಿದ ಹಾಗೆ ಅನ್ನಿಸಿತು. ರೆಕಾರ್ಡ್ ಮಾಡಿ ನೋಡಿದರೆ, ಮನುಷ್ಯರ ಕಿವಿಗೆ ಸಿಗದಷ್ಟು ಮಂದ್ರದಲ್ಲಿ ಆನೆಗಳು ಮಾತಾಡುತ್ತಿದ್ದವು. ಆ ಸ್ವರ ಬಹಳ ದೂರ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2021ರಲ್ಲಿ ಗೊತ್ತಾದ ವಿಷಯ. ನಮ್ಮ ಏಷ್ಯಾದ ಆನೆಗಳು ಒಮ್ಮೊಮ್ಮೆ ಕೀಚ್ ಕೀಚ್ ಅನ್ನುತ್ತವೆ. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ಸಣ್ಣ ದನಿ ಹೇಗೆ? ವಿಯೆನ್ನಾ ವಿಶ್ವವಿದ್ಯಾಲಯದವರು ನೇಪಾಳದ ಆನೆಗಳ ಮುಂದೆ, ಸದ್ದು ಎಲ್ಲಿಂದ ಬರುತ್ತದೆ ಅಂತ ತೋರಿಸುವ ಕ್ಯಾಮೆರಾ ಇಟ್ಟು ನೋಡಿದರು. ಬಿಗಿಹಿಡಿದ ತುಟಿಯಿಂದ ಬರುತ್ತಿತ್ತು! ಟ್ರಂಪೆಟ್ ಊದುವವರು ಮಾಡುವ ಹಾಗೇ ತುಟಿ ನಡುಗಿಸಿ. ನನ್ನ ಉಸ್ತಾದರು ಮೂರು ವಾರ ಕಲಿಸಿದ್ದು ಆನೆಗೂ ಗೊತ್ತಿದೆ.

ಘೀಳು ಕೇಳಿದರೆ ಯಾವ ಕಾರಣಕ್ಕೂ ಟಾರ್ಚ್ ಹಿಡಿದು ಒಬ್ಬರೇ ಹೋಗಬೇಡಿ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಮನೆಯೊಳಗೇ ಇರಿ.

ಮಕ್ಕಳು ಉಮ್ಮತ್ತಿ ಹೂ ಕಿತ್ತು ತುತ್ತೂರಿ ಮಾಡಿ ಊದುತ್ತಾರೆ. ಪರವಾಗಿಲ್ಲವಾ?
– ಅಂಗನವಾಡಿ ಕಾರ್ಯಕರ್ತೆ, ಗುಬ್ಬಿ

ಖಂಡಿತ ಬೇಡ. ಹೂ, ಎಲೆ, ಬೀಜ ಎಲ್ಲವೂ ವಿಷ. ಬಾಯಿಗೆ ಹೋದರೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಮಗು ಏನೇನೋ ಬಡಬಡಿಸುತ್ತದೆ. ಜೀವಕ್ಕೂ ಅಪಾಯ. ಊದಿದ್ದು ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಕ್ಕಳಿಗೆ ಪಪ್ಪಾಯಿ ಎಲೆಯ ದಂಟು ತೊಳೆದು ಕೊಡಿ. ಅದು ಒಳ್ಳೆಯ ಪೀಪಿ.

ನನಗೆ ಟ್ರಂಪೆಟ್ ಕಲಿಯಬೇಕು. ಹುಡುಗಿಯರಿಗೆ ಉಸಿರು ಸಾಲದು ಅಂತ ಮನೆಯಲ್ಲಿ ಹೇಳುತ್ತಾರೆ. ಅಕ್ಕಪಕ್ಕದವರಿಗೂ ತೊಂದರೆ ಅಂತಾರೆ.
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉಸಿರು ಸಾಲದು ಅನ್ನುವುದು ಸುಳ್ಳು. 1930ರ ದಶಕದಲ್ಲೇ ವಲೈಡಾ ಸ್ನೋ ಎಂಬ ಅಮೆರಿಕದ ಹೆಣ್ಣುಮಗಳು ಟ್ರಂಪೆಟ್ ಊದಿ ದೇಶ ದೇಶ ಸುತ್ತಿದಳು. ಈಚಿನವರಲ್ಲಿ ಇಂಗ್ಲೆಂಡಿನ ಆಲಿಸನ್ ಬಾಲ್ಸಮ್ ಊದಿದ್ದನ್ನು ನಿಮ್ಮ ಮನೆಯವರಿಗೆ ಕೇಳಿಸಿ. ಬೇಕಾದದ್ದು ಉಸಿರನ್ನು ಅಳೆದು ಬಿಡುವ ಅಭ್ಯಾಸ. ಅದು ಯಾರಿಗಾದರೂ ಬರುತ್ತದೆ. ನನ್ನ ಹತ್ತಿರ ಕಲಿಯುವ ಮಕ್ಕಳಲ್ಲಿ ಇಬ್ಬರು ಹುಡುಗಿಯರು. ಅವರಲ್ಲಿ ಒಬ್ಬಳು ಮೇಲಿನ ಪಂಚಮವನ್ನು ನನಗಿಂತ ಗಟ್ಟಿಯಾಗಿ ಹಿಡಿಯುತ್ತಾಳೆ.

ಅಕ್ಕಪಕ್ಕದವರ ಮಾತು ಮಾತ್ರ ನಿಜ. ಅದಕ್ಕೇ ನಾವು ಭಾನುವಾರ ಬೆಳಿಗ್ಗೆ ಆರೂವರೆಗೆ ಅಮಾನಿಕೆರೆ ಏರಿ ಹತ್ತಿರ ಸೇರುತ್ತೇವೆ. ನೀರಿನ ಮೇಲೆ ಸ್ವರ ಚೆನ್ನಾಗಿ ಹೋಗುತ್ತದೆ. ಅಮ್ಮನನ್ನೂ ಕರೆದುಕೊಂಡು ಬಾ. ಒಂದು ಒಣ ಬಟ್ಟೆ, ಒಂದು ಬಾಟಲಿ ನೀರು ಸಾಕು. ಟ್ರಂಪೆಟ್ ನನ್ನ ಹತ್ತಿರ ಇನ್ನೊಂದಿದೆ. ಮೊದಲ ಮೂರು ವಾರ ಮೌತ್‌ಪೀಸ್ ಮಾತ್ರ ಕೊಡುತ್ತೇನೆ.