ಜಿ.ಸಿ. ರಿಪೋರ್ಟ್‌ಗೆ ಕಾಣದ ಹರಳೆಣ್ಣೆ

ಪ್ರಶ್ನೆ: ಶ್ರೀಗಂಧದ ಎಣ್ಣೆಗೆ ಮಾರುವವರು ಜಿ.ಸಿ. (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಎಣ್ಣೆಯನ್ನು ಆವಿ ಮಾಡಿ ಅದರಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ರಿಪೋರ್ಟ್ ಕೊಟ್ಟಿದ್ದಾರೆ. ಆಲ್ಫಾ-ಸ್ಯಾಂಟಲಾಲ್ (ಗಂಧದೆಣ್ಣೆಯ ಮುಖ್ಯ ಅಂಶ) 48% ಅಂತಿದೆ. ಶುದ್ಧ ಅಂತಾಯ್ತು ಅಲ್ವಾ?

ಉತ್ತರ: ಆಗಲಿಲ್ಲ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಅದೂ ದುಡ್ಡು ಕೊಟ್ಟಾದ ಮೇಲೆ. ಕೊಡುವ ಮೊದಲು ಕೇಳಿ.

ಶ್ರೀಗಂಧದ ಎಣ್ಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3518ರ ಪ್ರಕಾರ ಆಲ್ಫಾ-ಸ್ಯಾಂಟಲಾಲ್ 41ರಿಂದ 55%, ಬೀಟಾ-ಸ್ಯಾಂಟಲಾಲ್ 16ರಿಂದ 24% ಇರಬೇಕು. ನಿಮ್ಮ ಅಂಕಿ ಅದರೊಳಗೇ ಇದೆ. ಆದರೆ ಜಿ.ಸಿ. ಯಂತ್ರಕ್ಕೆ ಕಾಣುವುದು ಆವಿಯಾಗುವ ವಸ್ತು ಮಾತ್ರ. ಹರಳೆಣ್ಣೆ ಆವಿಯಾಗುವುದಿಲ್ಲ. ಅದು ಎಣ್ಣೆ ಒಳಬಿಡುವ ಇಂಜೆಕ್ಟರ್‌ನ ಗಾಜಿನ ಕೊಳವೆಯಲ್ಲೇ ಅಂಟಿಕೊಂಡು ಕೂರುತ್ತದೆ. ಹೊರಬಂದ ಒಂದೊಂದು ವಸ್ತುವಿಗೂ ಗ್ರಾಫ್‌ನಲ್ಲಿ ಒಂದು ಪೀಕ್ (ಶಿಖರದಂಥ ಗೆರೆ) ಏಳುತ್ತದೆ. ಆ ಪೀಕ್‌ಗಳನ್ನಷ್ಟೇ ಕೂಡಿಸಿ, ಅದನ್ನೇ ನೂರು ಅಂತ ಹಿಡಿದು ಶೇಕಡಾ ಬರೆಯುತ್ತಾರೆ. ಹಾಗಾಗಿ ಬಾಟಲಿಯಲ್ಲಿ 20% ಹರಳೆಣ್ಣೆ ಇದ್ದರೂ ರಿಪೋರ್ಟ್‌ನಲ್ಲಿ 48 ಅಂತಲೇ ಬರುತ್ತದೆ. ನಿಜವಾಗಿ ಇರುವುದು 38ರ ಹತ್ತಿರ.

ಲ್ಯಾಬ್‌ನವರಿಗೆ ಹೇಳಿ: ಇಂಟರ್ನಲ್ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಇನ್ನೊಂದು ವಸ್ತು) ಹಾಕಿ, ಅದಕ್ಕೆ ಹೋಲಿಸಿ ಅಳೆಯಲಿ. ಎಸ್ಟರ್ ವ್ಯಾಲ್ಯೂ (ಎಣ್ಣೆಯಲ್ಲಿ ಎಸ್ಟರ್ ಎಂಬ ಸಂಯುಕ್ತಗಳು ಎಷ್ಟಿವೆ ಎಂಬ ಅಳತೆ) ಕೂಡ ನೋಡಲಿ, ಹರಳೆಣ್ಣೆ ಬೆರೆತರೆ ಅದು ಥಟ್ಟನೆ ಏರುತ್ತದೆ. ಸಾಂದ್ರತೆ ಒಂದನ್ನೇ ನೆಚ್ಚಬೇಡಿ. ಎರಡೂ ಎಣ್ಣೆಯ ಸಾಂದ್ರತೆ ಹತ್ತಿರ ಹತ್ತಿರ ಇದೆ, ಬೆರೆಸುವವರು ಹರಳೆಣ್ಣೆಯನ್ನೇ ಆರಿಸುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಸುಲಭದ ಪರೀಕ್ಷೆ ಇದೆ. 1 ಎಂ.ಎಲ್. ಎಣ್ಣೆಗೆ 70% ಆಲ್ಕೋಹಾಲ್ 5 ಎಂ.ಎಲ್. ಹಾಕಿ ಕಲಕಿ. ಶ್ರೀಗಂಧದ ಎಣ್ಣೆ 20 ಡಿಗ್ರಿಯಲ್ಲಿ ತಿಳಿಯಾಗಿ ಕರಗುತ್ತದೆ. ಹರಳೆಣ್ಣೆ ಇದ್ದರೆ ನೀರುಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ಕೆಲವರು 95% ಆಲ್ಕೋಹಾಲ್‌ನಲ್ಲಿ ಕರಗಿಸಿ ತೋರಿಸುತ್ತಾರೆ. ಅದು ಶುದ್ಧ ಮೋಸ, ಅಷ್ಟು ಗಟ್ಟಿ ಆಲ್ಕೋಹಾಲ್‌ನಲ್ಲಿ ಹರಳೆಣ್ಣೆಯೂ ಕರಗುತ್ತದೆ. ತಿಳಿಯಾಯಿತು ಅಂತ ಅಲ್ಲಿಗೇ ನಿಲ್ಲಿಸಲೂ ಬೇಡಿ. ಡೈಈಥೈಲ್ ಥ್ಯಾಲೇಟ್ (ವಾಸನೆಯಿಲ್ಲದ ಒಂದು ರಾಸಾಯನಿಕ ದ್ರಾವಕ) ಬೆರೆಸಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ, ಅದನ್ನು ಹಿಡಿಯುವುದು ಜಿ.ಸಿ.ಯೇ. ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ. ನಾನಂತೂ ಒಂದೇ ಪರೀಕ್ಷೆ ನೋಡಿ ಸಹಿ ಹಾಕುವುದಿಲ್ಲ.

ಪ್ರಶ್ನೆ: ಕಾಗದದ ಮೇಲೆ ಕಲೆ ಉಳಿದರೆ ಗಂಧದೆಣ್ಣೆ ನಕಲಿಯಂತೆ?

ಉತ್ತರ: ಸುಳ್ಳು. ಸ್ಯಾಂಟಲಾಲ್ ಕುದಿಯುವುದೇ 300 ಡಿಗ್ರಿ ದಾಟಿದ ಮೇಲೆ. ಅಸಲಿ ಎಣ್ಣೆಯ ಕಲೆಯೂ ಬೇಗ ಹೋಗುವುದಿಲ್ಲ.

ಪ್ರಶ್ನೆ: ಮೂಸಿ ನೋಡಿದರೆ ಗೊತ್ತಾಗುತ್ತದಾ?

ಉತ್ತರ: ನಿಮಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನೀಲಗಿರಿ ಎಣ್ಣೆ ಟೆಸ್ಟ್‌ನಲ್ಲಿ ಶುದ್ಧ ಅಂತ ಬಂದಿದೆ. ನೆಗಡಿಗೆ ಮಗುವಿಗೆ ಸ್ವಲ್ಪ ಕುಡಿಸಬಹುದಾ?

ಉತ್ತರ: ಬೇಡ, ಒಂದು ಹನಿಯೂ ಬೇಡ. ಶುದ್ಧ ಆದಷ್ಟೂ ಸಿನಿಯೋಲ್ (ನೀಲಗಿರಿ ಎಣ್ಣೆಯ ಮುಖ್ಯ ಅಂಶ) ಜಾಸ್ತಿ, ಅಪಾಯವೂ ಅದರಿಂದಲೇ. ಒಂದು ಚಮಚ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ಈಗಾಗಲೇ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಬಾಟಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.