‘ನಿಮಗ್ಯಾರಿಗೂ ತೊಂದ್ರೆ ಆಗಲ್ಲ’ ಅಂತ ಮಾತು ಕೊಟ್ಟು ಕಾಲೇಜಿಗೆ ಸೇರಿದವರು

ಮೊದ್ಲೇ ಹೇಳ್ಬಿಡ್ತೀನಿ, ಗುರುತು ಸಿಗೋ ವಿವರಗಳನ್ನೆಲ್ಲಾ ಬದಲಾಯಿಸಿದೀನಿ, ಇದು ಯಾರಿರ್ಬಹುದು ಅಂತ ಹುಡುಕೋಕೆ ಹೋಗ್ಬೇಡಿ. ಬರೀತಿರೋದು ಯಾಕಂದ್ರೆ ಇದೇ ಪ್ರಕರಣ ಬೇರೆ ಬೇರೆ ರೂಪದಲ್ಲಿ ನನ್ನ ಹತ್ರ ಕೌನ್ಸೆಲಿಂಗಿಗೆ ಬರ್ತಾನೇ ಇರತ್ತೆ. ನಲವತ್ತರ ಆಸುಪಾಸಲ್ಲಿ ಲಾ, ನರ್ಸಿಂಗು, ಫಾರ್ಮಸಿ, ಟೀಚರ್ ಟ್ರೈನಿಂಗು ಅಂತ ಮತ್ತೆ ಕ್ಲಾಸಿಗೆ ಹೋಗಿ ಕೂತವರು, ಬಂದು ಕೇಳೋದು ಒಂದೇ, ‘ಮೇಡಂ, ಸ್ವಲ್ಪ ಟೈಮ್ ಮ್ಯಾನೇಜ್‌ಮೆಂಟ್ ಹೇಳ್ಕೊಡಿ’. ನಿಜ ಹೇಳ್ಬೇಕಂದ್ರೆ ಅವರಲ್ಲಿ ಬಹಳ ಜನಕ್ಕೆ ಅದು ನನಗಿಂತ ಚೆನ್ನಾಗಿ ಬರತ್ತೆ.

ಈಕೆಗೆ 42. ಮಗಳಿಗೆ 14, ಮಗನಿಗೆ 8. ನರ್ಸಿಂಗ್ ಎರಡನೇ ವರ್ಷ. ಗಂಡ ಒಳ್ಳೇ ಮನುಷ್ಯ, ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಇಂಥ ಕಥೆ ಓದುವಾಗ ಗಂಡನ್ನ ವಿಲನ್ ಮಾಡೋಕೆ ನಾವೆಲ್ಲಾ ತುದಿಗಾಲಲ್ಲಿ ನಿಂತಿರ್ತೀವಿ. ಫೀಸು ಕಟ್ಟಿದ್ದೂ ಅವರೇ. ಆಕೆ ಬಂದಿದ್ದು ಎರಡು ಕಾರಣಕ್ಕೆ. ಒಂದು ಪೇಪರ್ ಹೋಗಿತ್ತು, ಅದನ್ನ ಮನೇಲಿ ಹೇಳಿರ್ಲಿಲ್ಲ. ಇನ್ನೊಂದು, ವಾರ್ಡಲ್ಲಿ ಔಷಧಿ ಚಾರ್ಟಿನ ಒಂದು ಸಾಲು ಬಿಟ್ಟು ಕೆಳಗಿನ ಸಾಲು ಓದ್ಬಿಟ್ಟಿದ್ರು, ಪಕ್ಕದಲ್ಲಿದ್ದ ಸಿಸ್ಟರ್ ನೋಡಿ ತಡೆದ್ರು, ರೋಗಿಗೆ ಏನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ಟ್ರೇ ಹಿಡಿದ್ರೆ ಕೈ ನಡುಗತ್ತೆ ಅಂದ್ರು.

ದಿನಚರಿ ಕೇಳಿದೆ. ಬೆಳಗ್ಗೆ 4ಕ್ಕೆ ಏಳೋದು, ಎಲ್ರೂ ಏಳೋ ಹೊತ್ತಿಗೆ ಅಡುಗೆ ಮುಗಿಸಿ ಒಂದು ಚಾಪ್ಟರ್ ಓದಿ ಪುಸ್ತಕ ಎತ್ತಿಟ್ಟಿರ್ಬೇಕು. ‘ಎತ್ತಿಡೋದ್ಯಾಕೆ?’ ಅಂದೆ. ಟೇಬಲ್ ಮೇಲೆ ಹರಡಿದ್ರೆ ಮನೆ ಕಾಲೇಜಿನ ಥರ ಕಾಣತ್ತಂತೆ. ಸೇರುವಾಗ್ಲೇ ಹೇಳಿದ್ರಂತೆ, ನಾನು ಓದ್ತಿರೋದು ನಿಮಗ್ಯಾರಿಗೂ ಗೊತ್ತೇ ಆಗಲ್ಲ, ಯಾರಿಗೂ ತೊಂದ್ರೆ ಆಗಲ್ಲ ಅಂತ. ಅದನ್ನ ಸ್ವಲ್ಪ ಹೆಮ್ಮೆಯಿಂದಾನೇ ಹೇಳಿದ್ರು.

ಡ್ಯೂಟಿ ಇರೋ ದಿನ ವಾಪಸ್ ಬಂದು, ಮಗನ ಹೋಮ್‌ವರ್ಕು, ರಾತ್ರಿ ಕೆಲಸ ಎಲ್ಲಾ ಮುಗಿಸಿ ಮಲಗೋದು 11ಕ್ಕೆ. ಐದು ಗಂಟೆ ನಿದ್ದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು ಅಂತ ನಿದ್ರಾ ತಜ್ಞರು ಹೇಳ್ತಾರೆ. 1997ರಲ್ಲಿ ಡಾಸನ್ ಮತ್ತು ರೀಡ್ ಅನ್ನೋ ಇಬ್ಬರು ಸಂಶೋಧಕರು ತೋರಿಸಿದ್ರು, ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರೋರ ಮಟ್ಟಕ್ಕೆ ಇಳಿಯತ್ತೆ ಅಂತ. ನಾಲ್ಕಕ್ಕೆ ಎದ್ದೋರಿಗೆ ರಾತ್ರಿ ಒಂಬತ್ತಕ್ಕೇ 17 ಗಂಟೆ ಆಗೋಯ್ತು. ಆ ಹೊತ್ತಲ್ಲಿ ಓದಿದ್ದು ತಲೇಲಿ ನಿಲ್ಲಲ್ಲ ಅನ್ನೋದು ಬೇರೆ ಮಾತು, ಕಲಿತಿದ್ದು ಗಟ್ಟಿಯಾಗೋಕೂ ನಿದ್ದೇನೇ ಬೇಕಲ್ವಾ, ಅದನ್ನೇ ಕತ್ತರಿಸಿ ಓದೋಕೆ ಟೈಮ್ ಮಾಡ್ಕೊಂಡಿದ್ರು. ಚಾರ್ಟಿನ ಸಾಲು ತಪ್ಪಿದ್ದಕ್ಕೆ ಆಕೆ ‘ನಂಗೆ ವಯಸ್ಸಾಯ್ತು, ಆಗಲ್ಲ’ ಅಂತ ಕಾರಣ ಕೊಟ್ಕೊಂಡಿದ್ರು. ನಂಗೆ ಕಂಡಿದ್ದು ನಿದ್ದೆ.

ಗಂಡನ್ನ ಕರ್ಕೊಂಡು ಬನ್ನಿ ಅಂದೆ. ಮಗಳೂ ಬಂದ್ಲು, ಅವಳನ್ನ ನಾನು ಕರೆದಿರ್ಲಿಲ್ಲ.

ಅವತ್ತಿನ ಮಾತುಕತೆ ಶುರುವಾಗಿದ್ದು ಮಾಮೂಲಿ ಥರಾನೇ. ಆಕೆ ಅತ್ರು, ಪೇಪರ್ ಹೋಗಿದ್ದು ಹೇಳಿದ್ರು. ಅವರು ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ, ‘ಮೇಡಂ, ನಾನು ಓದ್ಬೇಡ ಅಂತ ಒಂದಿನಾನೂ ಅಂದಿಲ್ಲ. ಯಾರಿಗೂ ಗೊತ್ತೇ ಆಗಲ್ಲ ಅಂದಿದ್ದು ಇವಳೇ, ನಾನು ಕೇಳಿರ್ಲಿಲ್ಲ. ಈಗ ಸಿಡುಕ್ತಾಳೆ, ಏನ್ ಮಾಡ್ಲಿ ಅಂತ ಕೇಳಿದ್ರೆ ಏನೂ ಬೇಡ ಅಂತಾಳೆ, ಮಾಡ್ದೇ ಇದ್ರೆ ಮುಖ ಊದಿಸ್ಕೋತಾಳೆ. ನಂಗೇನ್ ಗೊತ್ತಾಗ್ಬೇಕು?’ ಅಂದ್ರು. ದನೀಲಿ ಜೋರಿರ್ಲಿಲ್ಲ. ಅವರ ದೂರಲ್ಲಿ ನ್ಯಾಯ ಇತ್ತು, ಅದನ್ನ ಆಕೆ ಎದುರಿಗೇ ಹೇಳ್ದೆ, ಆಕೆಗೆ ಇಷ್ಟ ಆಗ್ಲಿಲ್ಲ.

ಟೈಮ್ ಮುಗೀತು, ಮುಂದಿನ ಸಲ ಯಾವಾಗ ಬರ್ತೀರಾ ಅಂತ ಡೈರಿ ತೆಗೆದೆ. ಗುರುವಾರ ಸಂಜೆ ಆಗತ್ತಾ ಅಂದೆ. ಅಪ್ಪ ಅಮ್ಮ ಇಬ್ರೂ ಒಟ್ಟಿಗೆ ಮಗಳ ಕಡೆ ತಿರುಗಿದ್ರು. ಅವಳು ಒಂದು ಕ್ಷಣಾನೂ ಯೋಚ್ನೆ ಮಾಡ್ದೆ ಹೇಳಿದ್ಲು, ‘ಗುರುವಾರ ಆಗಲ್ಲ ಆಂಟಿ, ಅಮ್ಮಂಗೆ ಮಧ್ಯಾಹ್ನದ ವಾರ್ಡ್ ಪೋಸ್ಟಿಂಗ್, ಅಪ್ಪಂಗೆ ಲೇಟ್ ಮೀಟಿಂಗ್, ತಮ್ಮಂಗೆ ಶುಕ್ರವಾರ ಟೆಸ್ಟ್ ಇದೆ, ನಾನು ಓದಿಸ್ಬೇಕು. ಶನಿವಾರ ನೋಡ್ಬಹುದು.’

ಡೈರಿ ಮುಚ್ಚಿಟ್ಟೆ. ಮುಂದಿನವರು ಹೊರಗೆ ಕಾಯ್ತಿದ್ರು, ಕಾಯ್ಲಿ ಅಂತ ಇನ್ನೂ ಅರ್ಧ ಗಂಟೆ ಅವರನ್ನ ಕೂರಿಸ್ಕೊಂಡೆ. ‘ನಿಂಗೆ ಯಾವಾಗ ಟೆಸ್ಟು?’ ಅಂತ ಮಗಳನ್ನ ಕೇಳ್ದೆ. ಅವಳಿಗೂ ಅದೇ ಶುಕ್ರವಾರ. ಅಮ್ಮಂಗೂ ಗೊತ್ತಿರ್ಲಿಲ್ಲ, ಅಪ್ಪಂಗೂ ಗೊತ್ತಿರ್ಲಿಲ್ಲ. ‘ಹೇಳಿದ್ರೆ ಅಮ್ಮ ಇನ್ನೂ ಬೇಗ ಏಳ್ತಾರೆ’ ಅಂದ್ಲು. ಯಾರಿಗೂ ತೊಂದ್ರೆ ಆಗಲ್ಲ ಅಂತ ಅಮ್ಮ ಕೊಟ್ಟ ಮಾತನ್ನ ಉಳಿಸ್ತಿದ್ದಿದ್ದು ಈ ಹುಡುಗಿ. ಆಕೆ ಮನೇಲಿಲ್ದೇ ಇರೋ ಗಂಟೆಗಳನ್ನ ಯಾರೋ ತುಂಬ್ಲೇಬೇಕಿತ್ತು, ದೊಡ್ಡವರಿಬ್ರೂ ಅದರ ಬಗ್ಗೆ ಮಾತೇ ಆಡ್ಲಿಲ್ಲ, ಇವಳು ತುಂಬಿದ್ಲು.

ದೊಡ್ಡವರ ಜವಾಬ್ದಾರಿ ಮಗುವಿನ ಹೆಗಲಿಗೆ ಜಾರೋದ್ರ ಬಗ್ಗೆ ಸಾಲ್ವಡೋರ್ ಮಿನುಚಿನ್ ಥರದ ಕೌಟುಂಬಿಕ ಚಿಕಿತ್ಸಕರು 1960ರ ದಶಕದಲ್ಲೇ ಬರೆದಿದ್ದಾರೆ. ಮಕ್ಕಳು ಕೆಲಸ ಮಾಡೋದೇ ತಪ್ಪು ಅಂತ ಅದರ ಅರ್ಥ ಅಲ್ಲ, ಮಾಡ್ಲಿ, ಮಾಡ್ಬೇಕು. ಹೇಳಿ ಒಪ್ಪಿಸಿದ ಕೆಲಸ ಆದ್ರೆ ಮಗುಗೆ ಅದರ ಅಂಚು ಗೊತ್ತಿರತ್ತೆ, ಮಾಡಿದ್ದಕ್ಕೆ ಭೇಷ್ ಅನ್ನಿಸ್ಕೊಳ್ಳತ್ತೆ, ಆಗ್ದಿದ್ರೆ ಆಗಲ್ಲ ಅನ್ಬಹುದು. ಯಾರೂ ಹೇಳ್ದೆ ತಾನಾಗೇ ಎತ್ಕೊಂಡಿದ್ದಕ್ಕೆ ಅಂಚೇ ಇರಲ್ಲ.

ನಾನು ಕೊಟ್ಟ ಸಲಹೆಗೆ ಆಮೇಲೆ ಇಬ್ಬರು ಸಹೋದ್ಯೋಗಿಗಳು ಹುಬ್ಬೇರಿಸಿದ್ರು, ಅದಕ್ಕೇ ವಿವರವಾಗಿ ಬರೀತೀನಿ. ಕೋರ್ಸ್ ಬಿಡ್ಬೇಡಿ ಅಂದೆ. ಆ ಮಾತನ್ನ ವಾಪಸ್ ತಗೊಳ್ಳಿ ಅಂದೆ, ಬಾಯಿಬಿಟ್ಟು, ಗಂಡನ ಎದುರಿಗೆ: ‘ತೊಂದ್ರೆ ಆಗತ್ತೆ, ನಾನು ಆವತ್ತು ಹೇಳಿದ್ದು ನಡೆಯೋ ಮಾತಲ್ಲ, ಇನ್ನೂ ಎರಡು ವರ್ಷ ತೊಂದ್ರೆ ಆಗತ್ತೆ.’ ಕ್ಷಮೆ ಕೇಳೋ ಅಗತ್ಯ ಇಲ್ಲ ಅಂದೆ. ಕಾಲೇಜಲ್ಲಿ ಅವಕಾಶ ಇದ್ರೆ ಒಂದು ಸೆಮಿಸ್ಟರ್ ಪೇಪರ್ ಕಮ್ಮಿ ತಗೊಳ್ಳಿ, ಜೂನಿಯರ್ ಬ್ಯಾಚ್ ಜೊತೆ ಮುಗಿಸಿದ್ರೆ ಮುಗಿಸಿದ್ರಿ. ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು, ಇಪ್ಪತ್ತು ವರ್ಷದ ಹುಡುಗೀರ ಜೊತೆ ಓದೋದೇ ಒಂದು ಮುಜುಗರ, ಅದ್ರಲ್ಲಿ ಇನ್ನೂ ಹಿಂದಿನ ಬ್ಯಾಚಾ ಅಂದ್ರು.

ಕೋರ್ಸ್ ಒಂದೆರಡು ವರ್ಷ ಮುಂದೂಡಿ ಅನ್ಬಹುದಿತ್ತಲ್ಲ ಅಂತ ಸಹೋದ್ಯೋಗಿಗಳು ಕೇಳಿದ್ರು. ಮಗ ದೊಡ್ಡವನಾಗೋವರೆಗೂ ಅಂತ ಮುಂದೂಡಿದ್ರೆ ಆ ಹೊತ್ತಿಗೆ ಮಗಳ ಕಾಲೇಜು, ಆಮೇಲೆ ಯಾರ್ದೋ ಆರೋಗ್ಯ, ಖಾಲಿ ವರ್ಷ ಅಂತ ಮನೆಗಳಲ್ಲಿ ಬರೋದೇ ಇಲ್ಲ. ಅಲ್ದೆ ಈ ಥರದ ಕೋರ್ಸನ್ನ ಮನೆಯವರಿಗೆ ಗೊತ್ತಾಗ್ದೇ ಮುಗಿಸೋಕೆ ಸಾಧ್ಯಾನೇ ಇಲ್ಲ. ಐರೋಪ್ಯ ಒಕ್ಕೂಟದ ನಿಯಮ ನೋಡಿ, ಜನರಲ್ ನರ್ಸ್ ಆಗೋಕೆ ಕನಿಷ್ಠ 4,600 ಗಂಟೆ ತರಬೇತಿ, ಅದ್ರಲ್ಲಿ ಕಮ್ಮಿ ಅಂದ್ರೂ ಅರ್ಧ ರೋಗಿಗಳ ಹತ್ರಾನೇ ಕಲಿಯೋದು. ಲೆಕ್ಕ ಊರಿಂದ ಊರಿಗೆ ಬದಲಾಗ್ಲಿ, ಆ ಅರ್ಧವನ್ನ ಬೆಳಗ್ಗೆ ನಾಲ್ಕಕ್ಕೆ ಅಡುಗೆಮನೇಲಿ ಕೂತು ಮುಗಿಸೋಕೆ ಆಗಲ್ಲ.

ಗಂಡನಿಗೆ ಹೇಳಿದ್ದು, ‘ಏನ್ ಮಾಡ್ಲಿ’ ಅಂತ ಕೇಳೋದನ್ನ ನಿಲ್ಲಿಸಿ. ಅಲಿಸನ್ ಡಾಮಿಂಜರ್ ಅನ್ನೋ ಸಮಾಜಶಾಸ್ತ್ರಜ್ಞೆ 2019ರಲ್ಲಿ ದಂಪತಿಗಳನ್ನ ಮಾತಾಡಿಸಿ ಮನೆಯ ಯೋಚನೆ ಕೆಲಸವನ್ನ ಬಿಡಿಸಿಟ್ರು: ಏನು ಬೇಕಾಗತ್ತೆ ಅಂತ ಮುಂಚೆ ಊಹಿಸೋದು, ದಾರಿಗಳನ್ನ ಹುಡುಕೋದು, ನಿರ್ಧಾರ ಮಾಡೋದು, ಆಮೇಲೆ ಆಯ್ತಾ ಇಲ್ವಾ ಅಂತ ನೋಡ್ಕೊಳ್ಳೋದು. ನಿರ್ಧಾರದಲ್ಲಿ ಇಬ್ರೂ ಇರ್ತಾರೆ, ಊಹಿಸೋದೂ ನೋಡ್ಕೊಳ್ಳೋದೂ ಹೆಚ್ಚಾಗಿ ಹೆಂಗಸಿನ ಪಾಲಿಗೇ ಬರತ್ತೆ ಅಂತ ಅವರಿಗೆ ಕಂಡಿದ್ದು. ಹಾಗಾಗಿ ಮಗನ ಸ್ಕೂಲು ಅಂದ್ರೆ ಪೂರ್ತಿ ಸ್ಕೂಲು, ಟೆಸ್ಟು, ಫೀಸು, ಯೂನಿಫಾರ್ಮ್ ಗಿಡ್ಡ ಆಯ್ತು ಅಂತ ಗಮನಿಸೋದೂ ಸೇರಿ ನಿಮ್ದು ಅಂದೆ. ಆಕೆಗೆ ಹೇಳಿದ್ದು, ಅವರು ತಪ್ಪು ಮಾಡಿದ್ರೆ ನೆನಪಿಸ್ಬೇಡಿ, ಹಿಂದೆ ಹೋಗಿ ಸರಿ ಮಾಡ್ಬೇಡಿ. ಮಗನಿಗೆ ಒಂದು ದಿನ ಕೆಟ್ಟದಾಗಿ ಹೋಗ್ಲಿ. ಆ ಸಹೋದ್ಯೋಗಿಗಳಿಗೆ ಇದು ಕ್ರೌರ್ಯ ಅನ್ನಿಸ್ತು. ಮಗಳು ತಿಂಗಳುಗಟ್ಟಲೆ ಸದ್ದಿಲ್ದೆ ತನ್ನ ಓದು ಬಿಟ್ಟು ತಮ್ಮನ್ನ ಓದಿಸಿದ್ದು ಯಾಕೆ ಕ್ರೌರ್ಯ ಅನ್ನಿಸ್ಲಿಲ್ಲವೋ ಗೊತ್ತಿಲ್ಲ.

ನಿದ್ದೆ ವಿಷಯದಲ್ಲಿ ಮಾತ್ರ ನಾನು ಸಲಹೆ ಅನ್ನೋ ಪದ ಬಳಸ್ಲಿಲ್ಲ. ಪೋಸ್ಟಿಂಗ್ ಹಿಂದಿನ ರಾತ್ರಿ 7 ಗಂಟೆ ಮಲಗ್ಲೇಬೇಕು ಅಂದೆ, ಔಷಧಿ ಕೊಡೋ ಕೈ ಅದು, ಆ ರೋಗಿ ನಿಮ್ಮ ಮನೆಯವರಿಗೆ ಯಾವ ಮಾತೂ ಕೊಟ್ಟಿಲ್ಲ.

ಎಲ್ಲಾ ಗಂಡಂದಿರೂ ಹೀಗೆ ಬಂದು ಕೂತು ಕೇಳಲ್ಲ ಮೇಡಂ ಅಂತೀರಾ, ಸರಿ. ಕೇಳ್ದೇ ಇರೋ ಮನೇಲೂ ಆ ಮಾತು ಕೊಡ್ಬೇಡಿ, ಅಷ್ಟು ಮಾತ್ರ ನಿಮ್ಮ ಕೈಲಿದೆ. ಒಪ್ಪಿಗೆಗೋಸ್ಕರ ಹೇಳೋ ಆ ಸುಳ್ಳಿಂದ ಸೀಟು ಸಿಗತ್ತೆ, ಆಮೇಲಿನ ವರ್ಷಗಳಲ್ಲಿ ಬಾಯಿಬಿಟ್ಟು ‘ನಂಗಾಗ್ತಿಲ್ಲ’ ಅನ್ನೋ ಹಕ್ಕು ಹೋಗತ್ತೆ.

ಇವರ ಮನೇಲಿ ಈಗ ಎಲ್ಲಾ ಸರಿಹೋಗಿದೆ ಅಂತೇನಿಲ್ಲ. ಆಕೆ ಪೇಪರ್ ಕಮ್ಮಿ ಮಾಡ್ಕೊಂಡ್ರು, ಹೋದ ಪೇಪರ್ ಪಾಸಾಯ್ತು. ಗಂಡ ಮಗನ ಒಂದು ಫಾರ್ಮ್ ಮರೆತ್ರು, ಆಕೆ ಬಾಯಿ ಬಿಗಿಹಿಡಿದು ಸುಮ್ನಿದ್ರಂತೆ, ಎರಡನೇ ಸಲ ಅವರು ಮರೀಲಿಲ್ಲ. ಮಗಳು ಮಾತ್ರ ಕೆಲಸ ಬಿಟ್ಟುಕೊಡೋಕೆ ಒಪ್ಪದೆ ಜಗಳ ಆಡ್ತಾಳಂತೆ, ಅಪ್ಪ ಸರಿಯಾಗಿ ಓದಿಸಲ್ಲ ಅಂತ. ನೈಟ್ ಡ್ಯೂಟಿ ಇನ್ನು ಶುರುವಾಗ್ಬೇಕು, ಅದರ ಬಗ್ಗೆ ಇಬ್ಬರಿಗೂ ಒಮ್ಮತ ಇಲ್ಲ. ಅದಕ್ಕೆ ಇನ್ನೊಂದ್ಸಲ ಬನ್ನಿ, ಡೇಟ್ ಮಾತ್ರ ನೀವಿಬ್ರೇ ಕೂತು ನೋಡಿ ಫೋನ್ ಮಾಡಿ, ಮಗಳನ್ನ ಕೇಳ್ಬೇಡಿ ಅಂದಿದೀನಿ. ಇನ್ನೂ ಫೋನ್ ಬಂದಿಲ್ಲ.