ಅವರು ನಿಮ್ಮನ್ನು ನೋಡಿ ಹಾಡಿದ್ದೇನು?

ನಮಸ್ಕಾರ.

ಲೆಸ್ಟರ್‌ನಿಂದ ನೀವು ಕಳಿಸಿದ ‘ಬಾಲ್ಟಿಕ್ ನಾಡಿನ ಬೆಳಕಿನ ಹಬ್ಬ’ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬೇಡ ಅಂತ ವಾಪಸು ಕಳಿಸಲೂ ಮನಸ್ಸಿಲ್ಲ. ಅದಕ್ಕೇ ಈ ಉದ್ದ ಪತ್ರ. ಬೇರೆ ಹೊಸಬರಿಗೂ ಉಪಯೋಗಕ್ಕೆ ಬಂದೀತು, ಹೆಸರು ಬಿಟ್ಟು ಅಂಕಣದಲ್ಲೇ ಹಾಕಲೇ ಎಂದು ಕೇಳಿದಾಗ ನೀವು ಒಪ್ಪಿದಿರಿ. ಬರಹಗಾರರ ಅರ್ಧ ಲಕ್ಷಣ ಅದೇ.

ಲೇಖನ ಓದದವರಿಗೆ ಎರಡು ಮಾತು. ಇವರು ಇಂಗ್ಲೆಂಡಿನಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವ ಲಾಟ್ವಿಯಾ ಮೂಲದ ಗೆಳತಿ ಕರೆದರೆಂದು ಜೂನ್ ತಿಂಗಳ ಒಂದು ಶನಿವಾರ ಲೆಸ್ಟರ್‌ಶೈರ್‌ನ ಕ್ಯಾಟ್‌ಥಾರ್ಪ್ ಎಂಬ ಹಳ್ಳಿಗೆ ಹೋಗಿದ್ದರು. ಅಲ್ಲೊಂದು ಹಳೇ ಬಂಗಲೆ ಇದೆ, ಲಾಟ್ವಿಯನ್ನರು ಅದಕ್ಕಿಟ್ಟ ಹೆಸರು ಸ್ಟ್ರೌಮೇನಿ. ಅದರ ಅಂಗಳದಲ್ಲಿ ಬೆಂಕಿ ಹಾಕಿ, ಓಕ್ ಎಲೆಯ ಕಿರೀಟ ತೊಟ್ಟು, ಬೆಳಗಾಗುವವರೆಗೂ ಹಾಡುವ ಹಬ್ಬವನ್ನು ನೋಡಿ ಬಂದರು. ಮನೆಗೆ ಬಂದು, ಕಂಡದ್ದನ್ನು ಬದಿಗಿಟ್ಟು, ಇಂಟರ್ನೆಟ್ಟಿನಲ್ಲಿ ಓದಿದ್ದನ್ನು ಬರೆದರು. ನನ್ನ ತಕರಾರೆಲ್ಲ ಇಲ್ಲಿಂದಲೇ ಶುರು.

ಮೊದಲು ಹೆಸರು. ಹಬ್ಬವನ್ನು ಉದ್ದಕ್ಕೂ ‘ಜಾನಿ’ ಎಂದಿದ್ದೀರಿ. ಇಂಗ್ಲಿಷ್ ಕಣ್ಣಿಗೆ ಹಾಗೆ ಕಾಣುತ್ತದೆ, ಸರಿ. ಆದರೆ ಲಾಟ್ವಿಯನ್ ನುಡಿಯಲ್ಲಿ ಆ ಮೊದಲಕ್ಷರದ ಉಚ್ಚಾರ ನಮ್ಮ ‘ಯ’. ಕೊನೆಯದು ಇನ್ನೂ ಸೊಗಸು: ಅದು ನಮ್ಮ ‘ಞ’. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಬಿಡಿಯಾಗಿ ಎಂದೂ ಬರೆಯದ ಅಕ್ಷರ. ಯಾಞಿ. ನಮ್ಮಲ್ಲೇ ತಕ್ಕ ಅಕ್ಷರ ಇಷ್ಟು ಕಾಲ ಕೆಲಸವಿಲ್ಲದೆ ಕೂತಿರುವಾಗ ಇಂಗ್ಲಿಷಿನ ಊರು ಸುತ್ತಿಕೊಂಡು ಬರುವುದೇಕೆ? ಯಾನಿಸ್ ಎಂದರೆ ಸಂತ ಯೋಹಾನನ ಹೆಸರಿನ ಲಾಟ್ವಿಯನ್ ರೂಪ. ಜೂನ್ 24 ಅವನ ದಿನ, ಹಿಂದಿನ ದಿನ 23 ಲೀಗೊ. ಲಾಟ್ವಿಯಾದಲ್ಲಿ ಎರಡೂ ಸರ್ಕಾರಿ ರಜೆ. ನೀವು ‘ವರ್ಷದ ಅತಿ ದೀರ್ಘ ಹಗಲಿನಂದು’ ಎಂದಿದ್ದೀರಿ. ಆ ಹಗಲು ಬರುವುದು 21ರ ಆಸುಪಾಸು. ಸೂರ್ಯನ ಹಬ್ಬದ ಮೇಲೆ ಚರ್ಚಿನ ಪಂಚಾಂಗ ಬಂದು ಕೂತ ಕಥೆ ಆ ಎರಡು ದಿನದ ಅಂತರದಲ್ಲಿದೆ.

‘ಅಲ್ಲಿ ಅಂದು ಸೂರ್ಯ ಮುಳುಗುವುದೇ ಇಲ್ಲ’ ಎಂಬ ಸಾಲು ತೆಗೆಯಿರಿ. ಲಾಟ್ವಿಯಾದ ರಾಜಧಾನಿ ರಿಗಾದಲ್ಲಿ ರಾತ್ರಿ ಹತ್ತೂ ಇಪ್ಪತ್ತರ ಸುಮಾರಿಗೆ ಮುಳುಗಿ ಬೆಳಗಿನ ನಾಲ್ಕೂವರೆಗೆ ಹುಟ್ಟುತ್ತಾನೆ. ನಿಮ್ಮ ಕ್ಯಾಟ್‌ಥಾರ್ಪ್‌ನಲ್ಲಿ ಒಂಬತ್ತೂವರೆಗೇ ಮುಳುಗುತ್ತಾನೆ. ಮಲಗದೆ ಕಾಯುವವರಿಗೆ ಇಂಗ್ಲೆಂಡಿನಲ್ಲಿ ರಾತ್ರಿ ಸುಮಾರು ಒಂದು ತಾಸು ಹೆಚ್ಚು ಉದ್ದ. ಆ ಒಂದು ತಾಸು ವಲಸೆಯ ಬಾಡಿಗೆ ಅಂತ ನನಗನಿಸಿತು, ನಿಮಗೆ ಬೇರೇನಾದರೂ ಅನಿಸಬಹುದು. ಜರೀಗಿಡ ಅಂದು ರಾತ್ರಿ ಹೂ ಬಿಡುತ್ತದೆಂದು ಗಂಭೀರವಾಗಿ ಒಂದು ಪ್ಯಾರಾ ಬರೆದಿದ್ದೀರಿ. ಜರೀಗಿಡಕ್ಕೆ ಹೂವೇ ಇಲ್ಲ, ಅಲ್ಲಿನವರಿಗೂ ಅದು ಗೊತ್ತು. ಜೋಡಿಯಾಗಿ ಕಾಡಿಗೆ ಹುಡುಕಲು ಹೋಗುವವರಿಗೆ ಬೇಕಾದದ್ದು ಹೂವಲ್ಲ. ಒಂದು ಸಾಲು ಸಾಕು, ಓದುವವರು ದಡ್ಡರಲ್ಲ.

ಇನ್ನು ಬಿಯರ್. ಹದಿನಾಲ್ಕು ಪುಟದಲ್ಲಿ ಆ ಪದ ಒಮ್ಮೆಯೂ ಇಲ್ಲ. ‘ಸಾಂಪ್ರದಾಯಿಕ ಪಾನೀಯ’ ಎಂದಿದ್ದೀರಿ. ಊರಿನಲ್ಲಿ ಅಪ್ಪ ಅಮ್ಮ ಓದುತ್ತಾರೆಂದು ಹೆದರಿದಿರಾ? ಯಾಞಿಯಲ್ಲಿ ಮನೆ ಯಜಮಾನನನ್ನು ‘ಯಾಞಿಯ ಅಪ್ಪ’ ಅಂತಲೂ ಯಜಮಾನಿಯನ್ನು ‘ಯಾಞಿಯ ಅವ್ವ’ ಅಂತಲೂ ಕರೆಯುತ್ತಾರೆ. ಅಪ್ಪನ ಪಾಲಿಗೆ ಬಿಯರ್, ಅವ್ವನ ಪಾಲಿಗೆ ಚೀಸ್. ಎರಡರಲ್ಲಿ ಒಂದನ್ನು ಮುಚ್ಚಿಟ್ಟರೆ ಹಬ್ಬ ಕುಂಟುತ್ತದೆ. ಆ ಚೀಸನ್ನು ‘ನಮ್ಮ ಪನೀರಿನ ಹಾಗೆ, ಮೇಲೆ ಜೀರಿಗೆ’ ಎಂದಿದ್ದೀರಿ, ಎರಡೂ ಪೂರ್ತಿ ಸರಿಯಲ್ಲ. ಬಿಸಿ ಹಾಲಿಗೆ ಮೊಸರುಗಡ್ಡೆ ಹಾಕಿ ಒಡೆಸಿ, ನೀರು ಬಸಿದು, ಬೆಣ್ಣೆ, ಮೊಟ್ಟೆ, ಉಪ್ಪು ಸೇರಿಸಿ ಮತ್ತೆ ಒಲೆಯ ಮೇಲೆ ಕಲಸಿ, ಬಟ್ಟೆಯಲ್ಲಿ ಗುಂಡಗೆ ಕಟ್ಟಿ ಒತ್ತುತ್ತಾರೆ. ಕಾಳು ಮೇಲೆ ಉದುರಿಸುವುದಲ್ಲ, ಒಳಗೇ ಬೆರೆಸುವುದು. ಅದು ನಮ್ಮ ಜೀರಿಗೆಯೂ ಅಲ್ಲ, ಶಾಜೀರಿಗೆಯ ಕಡೆಯದು.

ಇವೆಲ್ಲ ತಿದ್ದಬಹುದಾದ ತಪ್ಪು. ಮೂರನೇ ಪುಟದಲ್ಲಿ ಆಗಿರುವುದು ಬೇರೆ ಥರದ್ದು. ಅಲ್ಲಿ ಒಂದು ಸಾಲಿದೆ: ‘ನೆಲಕ್ಕೆ ಕತ್ತಿಯಂಥ ಉದ್ದೆಲೆಯ ಹುಲ್ಲು ಹಾಸಿದ್ದರು, ತುಳಿದಾಗ ಬಂದ ವಾಸನೆಗೆ ಯಾಕೋ ಊರಿನ ನೆನಪಾಯಿತು.’ ಅಷ್ಟು ಬರೆದು ಮುಂದಿನ ಸಾಲಿನಲ್ಲೇ ಲಾಟ್ವಿಯಾದ ವಿಸ್ತೀರ್ಣಕ್ಕೆ ಹಾರಿದ್ದೀರಿ! ಯಾಕೋ ಅಂದರೆ ಯಾಕೆ? ನಾನು ಲಾಟ್ವಿಯಾ ನೋಡಿದವನಲ್ಲ. ನಿಮ್ಮ ಲೇಖನ ಬಂದ ಮೇಲೆ ಒಂದು ವಾರ ಕೂತು ಓದಿದೆ, ಅಷ್ಟೇ. ಯಾಞಿಗೆ ಮನೆಗೆ ತರುವ ಸೊಪ್ಪು ಸದೆಯಲ್ಲಿ ಬರ್ಚ್ ಕೊಂಬೆ, ಓಕ್ ಎಲೆಗಳ ಜೊತೆ ‘ಕಾಲ್ಮೆಸ್’ ಎಂಬುದೊಂದಿದೆ. ನೀರಂಚಿನಲ್ಲಿ ಬೆಳೆಯುವ, ಕತ್ತಿಯೆಲೆಯ, ಘಮದ ಗಿಡ. ಹುಡುಕಿದರೆ ಅದು ನಮ್ಮ ಬಜೆ. ಕೂಸಿನ ನಾಲಿಗೆಗೆ ತೇಯ್ದು ನೆಕ್ಕಿಸುವ ಅದೇ ಬಜೆ. ನಿಮಗೆ ಊರಿನ ನೆನಪಾದದ್ದು ಕವಿಸಮಯವಲ್ಲ, ಮೂಗು ಹೇಳಿದ ನಿಜ.

ಇನ್ನೂ ಇದೆ. ಬಜೆ ಯುರೋಪಿನ ಮೂಲದ್ದಲ್ಲ. ಏಷ್ಯಾದ ಗಿಡ. 16ನೇ ಶತಮಾನದಲ್ಲಿ ಇಸ್ತಾಂಬುಲ್ ಕಡೆಯಿಂದ ಮಧ್ಯ ಯುರೋಪಿನ ತೋಟಗಳಿಗೆ ಬಂದು, ಅಲ್ಲಿಂದ ಕೆರೆ ಹಳ್ಳಗಳಿಗೆ ಹಬ್ಬಿತು. ಅಲ್ಲಿ ಅದು ಬೀಜ ಕಟ್ಟುವುದಿಲ್ಲ. ಬೇರಿನ ತುಂಡು ಎಲ್ಲಿ ಬಿದ್ದು ನೆಲ ಹಿಡಿಯುತ್ತದೋ ಅಲ್ಲಿ ಬೆಳೆಯುತ್ತದೆ, ಅಷ್ಟೇ. ಈಗ ನಿಮ್ಮ ಮುಕ್ತಾಯದ ಸಾಲು ಓದಿಕೊಳ್ಳಿ: ‘ಸಾವಿರಾರು ವರ್ಷಗಳಿಂದ ಒಂದಿಷ್ಟೂ ಬದಲಾಗದೆ ಬಂದ ಈ ಆಚರಣೆಯನ್ನು ವಲಸಿಗರು ಹಾಗೆಯೇ ಉಳಿಸಿಕೊಂಡಿದ್ದಾರೆ.’ ನೆಲಕ್ಕೆ ಹಾಸಿದ ಸೊಪ್ಪೇ ವಲಸೆ ಬಂದದ್ದು! ‘ಹಾಗೆಯೇ’ ಎಂಬ ಪದವನ್ನು ಲೇಖನದಲ್ಲಿ ಒಂಬತ್ತು ಕಡೆ ಬಳಸಿದ್ದೀರಿ, ಒಂಬತ್ತನ್ನೂ ಕಿತ್ತುಹಾಕಿ. ನೀವು ಹೋದದ್ದೇ ಶನಿವಾರ. ಯಾಕೆ ಶನಿವಾರ? ಇಂಗ್ಲೆಂಡಿನಲ್ಲಿ 23, 24ಕ್ಕೆ ಯಾರೂ ರಜೆ ಕೊಡುವುದಿಲ್ಲ. ಸೂರ್ಯನ ಹಬ್ಬ ಕಾರ್ಖಾನೆಯ ಪಾಳಿಗೆ ಹೊಂದಿಕೊಂಡಿದೆ. ಪಾಳಿ ಅಂದರೇನೆಂದು ನರ್ಸ್ ಆಗಿರುವ ನಿಮಗೆ ನಾನು ಹೇಳಬೇಕೆ?

ನೋಡಿಮ್ಮಾ, ನನಗೆ ನಿಜಕ್ಕೂ ಬೇಸರವಾದದ್ದು ಆರನೇ ಪುಟದಲ್ಲಿ. ‘ಗೆಳತಿಯ ಅಜ್ಜಿ ಯುದ್ಧದ ನಂತರ ಇಲ್ಲಿ ಯಾವುದೋ ಕ್ಷಯ ರೋಗದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರಂತೆ’ ಎಂದು ಅರ್ಧ ಸಾಲು. ‘ಯಾವುದೋ’ ಮತ್ತು ‘ಅಂತೆ’. 1944ರಲ್ಲಿ ಸೋವಿಯತ್ ಕೆಂಪು ಸೇನೆ ಮತ್ತೆ ಬರುತ್ತಿದೆಯೆಂದು ಎರಡು ಲಕ್ಷದಷ್ಟು ಜನ ಲಾಟ್ವಿಯಾ ಬಿಟ್ಟರು. ಯುದ್ಧ ಮುಗಿದಾಗ ದೊಡ್ಡ ಸಂಖ್ಯೆಯಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದರು. ಎಸ್ಲಿಂಗೆನ್ ಊರೊಂದರಲ್ಲೇ ಸಾವಿರಗಟ್ಟಲೆ. 1946ರ ಕೊನೆಗೆ ಬ್ರಿಟನ್ ಆ ಶಿಬಿರಗಳಿಂದ ಬಾಲ್ಟಿಕ್ ನಾಡುಗಳ ಒಂಟಿ ಹೆಂಗಸರನ್ನು ಆರಿಸಿ ಕರೆತಂದಿತು, ಕ್ಷಯದ ಆಸ್ಪತ್ರೆಗಳಲ್ಲಿ ನೆಲ ಒರೆಸಲು, ಅಡುಗೆಮನೆ ನೋಡಿಕೊಳ್ಳಲು. ಸ್ಥಳೀಯರು ಬರಲೊಲ್ಲದ ಕೆಲಸ. ಯೋಜನೆಗೆ ಇಟ್ಟ ಹೆಸರು ಮಾತ್ರ ಚಂದ: ಬಾಲ್ಟ್ ಸಿಗ್ನೆಟ್, ಬಾಲ್ಟಿಕ್ ಹಂಸದ ಮರಿ. ಮರುವರ್ಷ ಗಂಡಸರೂ ಸೇರಿದಂತೆ ಹೊಲ, ಗಣಿ, ಬಟ್ಟೆ ಗಿರಣಿಗಳಿಗೆ ಮತ್ತೊಂದು ಯೋಜನೆ ಬಂತು. ಕೊಟ್ಟ ಕೆಲಸ ಬಿಟ್ಟು ತಮಗಿಷ್ಟ ಬಂದ ಕಡೆ ಹೋಗುವ ಹಾಗಿರಲಿಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಲಾಟ್ವಿಯನ್ನರು ಬ್ರಿಟನ್ನಿಗೆ ಬಂದದ್ದು ಹೀಗೆ. ಆಸ್ಪತ್ರೆಯ ಕೆಲಸದ ವೀಸಾ ಹಿಡಿದು ಇಂಗ್ಲೆಂಡಿಗೆ ಹೋದ ಕನ್ನಡದ ಹೆಣ್ಣುಮಗಳೊಬ್ಬಳು ಈ ಅಜ್ಜಿಯನ್ನು ಅರ್ಧ ಸಾಲಿನಲ್ಲಿ ದಾಟಿ ಹೋಗುವುದೆಂದರೆ! ಅಜ್ಜಿ ಈಗಿಲ್ಲ, ಸರಿ. ಮಗಳಿದ್ದಾರೆ, ಹಾಡಿನ ಹಾಳೆ ಹಂಚುತ್ತಿದ್ದವರು ಅವರೇ ಎಂದು ನೀವೇ ಬರೆದಿದ್ದೀರಿ. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಮೊದಲ ಯಾಞಿಗೆ ಅವರಮ್ಮ ಏನು ಮಾಡಿದರು ಎಂದು ಕೇಳಿ. ಮೊಸರುಗಡ್ಡೆ ಎಲ್ಲಿಂದ ತಂದರು ಎಂದು ಕೇಳಿ, ಆಗ ಬ್ರಿಟನ್ನಿನಲ್ಲಿ ಹಾಲಿಗೂ ರೇಷನ್ ಇತ್ತು.

ಆ ಬಂಗಲೆಯ ಒಡೆತನದ ಬಗ್ಗೆಯೂ ಒಂದು ಮಾತು. ‘ಒಂದು ಸಾಂಸ್ಕೃತಿಕ ಸಂಘ’ ಎಂದು ಜಾರಿಕೊಂಡಿದ್ದೀರಿ. 1975ರಲ್ಲಿ ಅದನ್ನು ಕೊಂಡದ್ದು ಡೌಗಾವಾಸ್ ವಾನಗಿ, ‘ಡೌಗಾವಾ ನದಿಯ ಗಿಡುಗಗಳು’. ಅದು ಹುಟ್ಟಿದ್ದು 1945ರ ಕೊನೆಗೆ, ಬೆಲ್ಜಿಯಮ್ಮಿನ ಜೆಡೆಲ್ಗೆಮ್ ಯುದ್ಧಕೈದಿಗಳ ಶಿಬಿರದಲ್ಲಿ. ಕಟ್ಟಿದವರು ವಾಫೆನ್ ಎಸ್‌ಎಸ್ ಎಂಬ ನಾಜಿ ಜರ್ಮನಿಯ ಸೇನಾ ವಿಭಾಗದ ಲಾಟ್ವಿಯನ್ ದಳದಲ್ಲಿದ್ದ ಸೈನಿಕರು. ಬಹುಪಾಲು ಜನ ಬಲವಂತದ ಭರ್ತಿಯಲ್ಲಿ ಬಂದವರು, ಎಲ್ಲರೂ ಅಲ್ಲ. ಲಾಟ್ವಿಯಾದ ಸುಮಾರು 70,000 ಯಹೂದಿಗಳು ಕೊಲೆಯಾದ ನೆಲದ ಕಥೆ ಇದು, ಕೊಂದವರಲ್ಲಿ ಸ್ಥಳೀಯರೂ ಇದ್ದರು. ಹಬ್ಬದ ಲೇಖನಕ್ಕೆ ಇದನ್ನೆಲ್ಲ ತುಂಬಿ ಎನ್ನುತ್ತಿಲ್ಲ. ಆದರೆ ಗೊತ್ತಿಲ್ಲದೆ ಬಿಡುವುದು ಬೇರೆ, ಗೊತ್ತಿದ್ದು ಬಿಡುವುದು ಬೇರೆ. ಓದುವವರಿಗೆ ಆ ವ್ಯತ್ಯಾಸ ವಾಕ್ಯದಲ್ಲೇ ತಿಳಿಯುತ್ತದೆ.

ಹಾಡಿನ ಹಾಳೆಯ ವಿಷಯಕ್ಕೆ ಬರೋಣ. ನಿಮ್ಮ ಲೇಖನದ ಅತ್ಯಂತ ಒಳ್ಳೆಯ ದೃಶ್ಯ ಅದು, ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ. ಜೆರಾಕ್ಸ್ ಹಾಳೆ ಕೈಗೆ ಬಂದಾಗ ಬಾಸ್ಟನ್ನಿನ ತರಕಾರಿ ಪ್ಯಾಕಿಂಗ್ ಕಾರ್ಖಾನೆಯಿಂದ ಬಂದಿದ್ದ ಹುಡುಗರು ಒಂದು ಅಕ್ಷರ ತೋರಿಸಿ ನಕ್ಕರು, ಹಾಳೆ ಕೊಟ್ಟ ಹೆಂಗಸು ನಗಲಿಲ್ಲ. (ಇದು ಲಿಂಕನ್‌ಶೈರ್‌ನ ಬಾಸ್ಟನ್, ಅಮೆರಿಕದ್ದಲ್ಲ ಅಂತ ಬರೆಯಿರಿ, ನಮ್ಮವರು ಮೊದಲು ಅಮೆರಿಕಕ್ಕೇ ಹೋಗುತ್ತಾರೆ.) ‘ರ್’ ಅಕ್ಷರದ ಕೆಳಗೆ ಪುಟ್ಟ ಬಾಲವಿತ್ತು ಎಂದಿದ್ದೀರಿ. ಹಾಗಾದರೆ ಅದು ಹಳೇ ಕಾಗುಣಿತ. 1946ರಲ್ಲಿ ಸೋವಿಯತ್ ಆಡಳಿತ ಲಾಟ್ವಿಯನ್ ಬರವಣಿಗೆಯಿಂದ ಆ ಬಾಲ ಕತ್ತರಿಸಿತು. ದೇಶ ಬಿಟ್ಟು ಹೋದವರು ಬಾಲವನ್ನೂ ಗಂಟು ಕಟ್ಟಿಕೊಂಡು ಹೋಗಿದ್ದರು. ಅವರ ಆ ಬದುಕಿಗೆ ಅವರ ನುಡಿಯಲ್ಲಿ ‘ಟ್ರಿಮ್ಡಾ’ ಎನ್ನುತ್ತಾರೆ, ಗಡೀಪಾರು. 2004ರಲ್ಲಿ ಲಾಟ್ವಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಬಂದ ಹುಡುಗರದ್ದು ಟ್ರಿಮ್ಡಾ ಅಲ್ಲ, ಸಂಬಳ. 1989ರಲ್ಲಿ 26 ಲಕ್ಷ ದಾಟಿದ್ದ ದೇಶದ ಜನಸಂಖ್ಯೆ ಈಗ 19 ಲಕ್ಷಕ್ಕಿಂತ ಕಡಿಮೆ. ಹೋದವರಲ್ಲಿ ಅವರೂ ಸೇರಿದ್ದಾರೆ. ಒಂದೇ ಬೆಂಕಿಯ ಸುತ್ತ ಎರಡು ಲಾಟ್ವಿಯಾ ಕೂತಿದ್ದವು: ಇಂಗ್ಲೆಂಡಿನಲ್ಲಿ ಹುಟ್ಟಿಯೂ ಅಜ್ಜಿಯ ಕಾಗುಣಿತ ಬಿಡದವರು ಒಂದು ಕಡೆ, ಮೊನ್ನೆ ಊರಿನಿಂದ ಬಂದು ಸ್ಪೀಕರಿನಲ್ಲಿ ರಿಗಾದ ಹೊಸ ಹಾಡು ಹಾಕಿದವರು ಒಂದು ಕಡೆ. ಸ್ಪೀಕರ್ ಆರಿಸಿದ್ದು ಯಾರು, ಆರಿಸಿದರೋ ಇಲ್ಲವೋ, ಅದನ್ನು ನೀವು ಬರೆದೇ ಇಲ್ಲ.

‘ಸೋವಿಯತ್ ಕಾಲದಲ್ಲಿ ತಾಯ್ನಾಡಿನಲ್ಲಿ ಹಬ್ಬ ಸತ್ತೇ ಹೋಯಿತು, ವಲಸಿಗರು ಬದುಕಿಸಿದರು’ ಎಂಬುದೂ ಬೇಡ. ಅದು ಹಳೇ ವಲಸಿಗರು ತಮ್ಮ ಬಗ್ಗೆ ಹೇಳಿಕೊಳ್ಳುವ ಮಾತು. 1959ರ ರಾಜಕೀಯ ಶುದ್ಧೀಕರಣದ ನಂತರ ಹಬ್ಬಕ್ಕೆ ಅಧಿಕೃತ ಜಾಗ ಇಲ್ಲವಾಯಿತು, ರಜೆ ಹೋಯಿತು, 1980ರ ದಶಕದ ಕೊನೆಗೆ ಮರಳಿತು. ನಡುವಿನ ವರ್ಷಗಳಲ್ಲಿ ಹಳ್ಳಿಗಳಲ್ಲಿ ಬೆಂಕಿ ಉರಿಯುತ್ತಲೇ ಇತ್ತು, ಸದ್ದಿಲ್ಲದೆ. ಬಾಸ್ಟನ್ನಿನ ಹುಡುಗರ ಅಪ್ಪಂದಿರನ್ನು ಕೇಳಿದರೆ ಬೇರೆ ಕಥೆ ಸಿಕ್ಕೀತು.

ಜಗತ್ತಿನ ಎಲ್ಲ ಲಾಟ್ವಿಯನ್ನರನ್ನೂ ಕೊನೆಯಲ್ಲಿ ಎರಡು ಪ್ಯಾರಾಕ್ಕೆ ಮುಗಿಸಿ, ಮಿಷಿಗನ್‌ನ ಗಾರೆಜೆರ್ಸ್‌ನಿಂದ ಮೆಲ್ಬರ್ನ್‌ವರೆಗೂ ‘ಇದೇ ಸಂಭ್ರಮ’ ಎಂದಿದ್ದೀರಿ. ಮೆಲ್ಬರ್ನ್‌ನಲ್ಲಿ ಜೂನ್ 23 ನಡುಚಳಿಗಾಲ. ಸಂಜೆ ಐದು ದಾಟುತ್ತಲೇ ಮುಳುಗಿದ ಸೂರ್ಯ ಮರುದಿನ ಏಳೂವರೆಯ ಮೇಲೆ ಹುಟ್ಟುತ್ತಾನೆ. ಅದು ಇದೇ ಸಂಭ್ರಮ ಹೇಗಾದೀತು? ಎರಡೂ ಪ್ಯಾರಾ ತೆಗೆಯಿರಿ. ಕ್ಯಾಟ್‌ಥಾರ್ಪ್ ಬಿಟ್ಟು ಕದಲಬೇಡಿ.

ಹಾಡುಗಳ ಬಗ್ಗೆ ನೀವು ಕೊಟ್ಟ ಸಂಖ್ಯೆ ಸರಿಯಿದೆ: ಕ್ರಿಶ್ಯಾನಿಸ್ ಬಾರೊನ್ಸ್ 1894ರಿಂದ 1915ರವರೆಗೆ ಅಚ್ಚು ಹಾಕಿಸಿದ ಸಂಗ್ರಹದಲ್ಲಿ 2,17,996 ಹಾಡು. ಅವನ್ನು ಇಟ್ಟ ಕಪಾಟು ಈಗ ಯುನೆಸ್ಕೊ ಪಟ್ಟಿಯಲ್ಲಿದೆ. ಆದರೆ ‘ನಮ್ಮ ವಚನಗಳಂತೆ’ ಎಂಬ ಹೋಲಿಕೆ ಒಪ್ಪುವುದಿಲ್ಲ. ಇವು ನಾಲ್ಕು ಸಾಲಿನ, ಬಹುಪಾಲು ಹೆಂಗಸರು ಹಾಡಿ ಉಳಿಸಿದ ಪದ. ಹೋಲಿಸಲೇಬೇಕಿದ್ದರೆ ಬೀಸುವ ಕಲ್ಲಿನ ಹತ್ತಿರ ಹೋಗಿ. ನೀವು ಮಾಡಿದ ಅನುವಾದಗಳಲ್ಲಿ ಪ್ರಾಸ ಕುಣಿಯುತ್ತಿದೆ. ಮೂಲದಲ್ಲಿ ಅಂತ್ಯಪ್ರಾಸ ನಿಯಮವಲ್ಲ, ಪ್ರತಿ ಸಾಲಿನ ಕೊನೆಗೆ ‘ಲೀಗೊ, ಲೀಗೊ’ ಎಂದು ತೂಗುವ ಪಲ್ಲವಿಯೇ ಸಾಕು.

ಹನ್ನೊಂದನೇ ಪುಟದ ಕೊನೆಯ ಸಾಲು ಇನ್ನೂ ಬಾಕಿಯಿದೆ. ‘ಒಂದು ಗುಂಪು ನನ್ನನ್ನೇ ನೋಡುತ್ತಾ ಏನೋ ಹಾಡಿತು. ಎಲ್ಲರೂ ನಕ್ಕರು. ನಾನೂ ನಕ್ಕೆ.’ ಇದಕ್ಕೆ ಅವರಲ್ಲಿ ಹೆಸರೇ ಇದೆ. ಯಾಞಿಯ ರಾತ್ರಿ ಅತಿಥಿಗಳು ಮನೆಯವರನ್ನು, ಮನೆಯವರು ಅತಿಥಿಗಳನ್ನು, ಹೆಣ್ಣುಗಳು ಗಂಡುಗಳನ್ನು ಹಾಡಿನಲ್ಲೇ ಹೀಯಾಳಿಸುತ್ತಾರೆ: ಕಳೆ ಕೀಳದ ತೋಟ, ಉಪ್ಪಿಲ್ಲದ ಚೀಸ್, ಸೋಮಾರಿ ಗಂಡು. ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ತಿರುಗಿ ಹಾಡಬೇಕು. ಹೀಯಾಳಿಸಿದರೆಂದರೆ ನಿಮ್ಮನ್ನು ಪ್ರೇಕ್ಷಕರ ಸಾಲಿನಿಂದ ಒಳಗೆ ಎಳೆದುಕೊಂಡರು ಅಂತ. ನಿಮಗೆ ಅರ್ಥವಾಗದೆ ನಕ್ಕಿರಿ, ಅದೂ ಬರೆಯಬೇಕಾದದ್ದೇ.

ಹೊಸದಾಗಿ ಬರೆಯುವಾಗ ಆ ಸಾಲಿನಿಂದ ಶುರು ಮಾಡಿ. 1,500 ಪದ ಮೀರಬೇಡಿ. ದೀಪಾವಳಿ ಸಂಚಿಕೆಗೆ ಹಾಕಬೇಕೆಂದಿದ್ದೇನೆ, ಇನ್ನೂ ಆರು ವಾರ ಸಮಯವಿದೆ. ಅದಕ್ಕೂ ಮೊದಲು ಗೆಳತಿಗೆ ಫೋನ್ ಮಾಡಿ, ಅವರು ನಿಮ್ಮನ್ನು ನೋಡಿ ಹಾಡಿದ ಆ ನಾಲ್ಕು ಸಾಲು ಏನೆಂದು ಕೇಳಿ. ಗೆಳತಿ ಹೇಳಲು ಸಂಕೋಚಪಟ್ಟರೆ ಅವರ ತಾಯಿಯನ್ನು ಕೇಳಿ. ಸಿಕ್ಕ ಕೂಡಲೇ ಲೇಖನಕ್ಕೆ ಕಾಯದೆ ಅದನ್ನು ಮೊದಲು ನನಗೆ ಕಳಿಸಿ. ಪ್ರಾಸ ಹಾಕಬೇಡಿ.